ಎಂಟರಲ್ಲೊಂದು ಪಾಲು ಬೆಳಕು

ಪ್ರಿನ್ಸಿಪಾಲ್ ಮೇಡಂ ಅವರಿಗೆ ನಮಸ್ಕಾರ.

ಭೌತಶಾಸ್ತ್ರದ ಮೇಷ್ಟ್ರು ರಜೆಯಲ್ಲಿದ್ದುದರಿಂದ ಅವರ ಉತ್ತರಪತ್ರಿಕೆಗಳನ್ನು ಗಣಿತದವನಾದ ನಾನು ತಿದ್ದಿದೆನಲ್ಲ, ಅದರಲ್ಲಿ ಒಂದು ತಪ್ಪಾಗಿದೆ.

ಪೋಲರೈಸರ್ ಹಾಳೆ ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುತ್ತದೆ; ಒಂದಕ್ಕೊಂದು ಅಡ್ಡಲಾಗಿಟ್ಟ ಎರಡು ಹಾಳೆಗಳು ಬೆಳಕನ್ನು ಪೂರ್ತಿ ತಡೆಯುತ್ತವೆ. ನಡುವೆ ಇನ್ನೊಂದನ್ನು ನಲವತ್ತೈದು ಡಿಗ್ರಿ ಓರೆಯಾಗಿಟ್ಟರೆ ಎಷ್ಟು ಬೆಳಕು ದಾಟುತ್ತದೆ ಎಂಬುದು ಪ್ರಶ್ನೆ. ಎಲ್ಲದಕ್ಕೂ ಯಾಕೆ ಎನ್ನುವ ನಮ್ಮ 'ಯಾಕಮ್ಮ' ಎಂಟರಲ್ಲೊಂದು ಪಾಲು ಎಂದು ಬರೆದಿದ್ದಳು. ತಡೆ ಹೆಚ್ಚಿದರೆ ಬೆಳಕು ಹೇಗೆ ಬಂದೀತು ಎಂದು ಸೊನ್ನೆ ಸುತ್ತಿದೆ. ಅವಳು ಫೇಲಾದಳು.

"ಸಾರ್, ಒಂದ್ಸಲ ಇಟ್ಟು ನೋಡಿ" ಎಂದವಳನ್ನು ಎಲ್ಲರೆದುರು ಗದರಿಸಿದೆ. ಮಾರನೇ ದಿನದಿಂದ ಅವಳು ಬಂದಿಲ್ಲ.

ನಿನ್ನೆ ಲ್ಯಾಬಿನಲ್ಲಿ ಇಟ್ಟು ನೋಡಿದೆ. ಬೆಳಕು ಬಂತು! ಕೊಸೈನ್ ವರ್ಗದ ಸೂತ್ರ ಹಾಕಿ ಮೂರು ಸಲ ಗುಣಿಸಿ ನೋಡಿದರೂ ಅವಳದೇ ಉತ್ತರ. ಲೆಕ್ಕ ಒಪ್ಪುತ್ತದೆ, ತಲೆ ಒಪ್ಪುತ್ತಿಲ್ಲ.

ಸಂಜೆ ಅವಳ ಮನೆಗೆ ಹೋದೆ. "ಮತ್ತೆ ಬಯ್ಯೋಕೆ ಬಂದ್ರಾ?" ಎಂದು ಅಜ್ಜಿ ಬಾಗಿಲಲ್ಲೇ ತಡೆದರು. ಒಳಗಿಂದ ಅವಳು ಕೇಳಿದಳು, "ಬೆಳಕು ಬಂತಾ ಸಾರ್?"

"ಬಂತಮ್ಮ. ಹೇಗೆ ಬಂತು ಅಂತ ಗೊತ್ತಾಗ್ಲಿಲ್ಲ."

"ಸೋಮವಾರ ಬಂದು ಹೇಳ್ಕೊಡ್ತೀನಿ."

ದಯವಿಟ್ಟು ಅವಳ ಅಂಕ ತಿದ್ದಲು ಅನುಮತಿ ಕೊಡಿ. ಸೋಮವಾರದ ನನ್ನ ಮೊದಲ ತರಗತಿಯನ್ನು ಬೇರೆ ಯಾರಿಗಾದರೂ ವಹಿಸಿ. ನಾನು ಪಾಠ ಕೇಳುವುದಿದೆ.

ಇಂತಿ ತಮ್ಮ ವಿಧೇಯ,
ಗಣಿತದ ಮೇಷ್ಟ್ರು