ಎರಡು ಬರ್ಚ್ ಮರಗಳ ನಡುವೆ

ಬರ್ಚ್ ಪಾಯಿಂಟ್ ಕ್ಯಾಂಪು,
ಸುಪೀರಿಯರ್ ಸರೋವರದ ದಂಡೆ.
ಅಕ್ಟೋಬರ್ ೯, ಬೆಳಗ್ಗೆ

ಮುದ್ದಿನ ತಂಗಿ ಲೊರೀನ್‌ಗೆ,

ಬೆರಳು ಸೆಟೆದುಕೊಳ್ಳುವ ಚಳಿಯಲ್ಲಿ, ಎರಡು ಸ್ವೆಟರಿನ ಮೇಲೆ ನಿನ್ನ ಭಾವ ಆರ್ಲೋನ ಬೇಟೆಯ ಕೋಟು ಹಾಕಿಕೊಂಡು, ನೀರಿನ ಎದುರು ಕೂತು ನಿನ್ನ ಅಕ್ಕ ಬರೆಯುತ್ತಿರುವ ಪತ್ರ ಇದು. ನಾವಿಬ್ಬರೂ ಚೆನ್ನಾಗಿದ್ದೇವೆ. ನಾಯಿ ನಮ್ಮಿಬ್ಬರಿಗಿಂತ ಚೆನ್ನಾಗಿದೆ. ಪತ್ರದ ಜೊತೆಗಿರುವ ಪೊಟ್ಟಣದಲ್ಲಿ ಹೊಗೆ ಹಾಕಿ ಒಣಗಿಸಿದ ಮೀನಿದೆ, ಮೇಪಲ್ ಪಾಕದ ಬಾಟಲಿ ಇದೆ, ನಿನ್ನ ಗಂಡ ವೆಂಡೆಲ್ ಪ್ರಾಣ ಬಿಡುವ ಆ ಕೆಂಪು ಹಣ್ಣಿನ ಜಾಮ್ ಕೂಡ ಇದೆ. ಇಷ್ಟೆಲ್ಲ ಯಾಕೆ ಕಳಿಸಿದಳು ಇವಳು ಅಂತ ಹುಬ್ಬು ಏರಿಸಬೇಡ. ಮೊದಲು ಮೀನು ತಿನ್ನು, ಆಮೇಲೆ ಮುಂದೆ ಓದು.

ತಿಂದೆಯಾ? ಸರಿ. ಇಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ಇದ್ದಿದ್ದರೂ ಈ ವಿಷಯವನ್ನು ಫೋನಿನಲ್ಲಿ ಹೇಳುವ ಎದೆಗಾರಿಕೆ ನನಗಿಲ್ಲ.

ವಸಂತದಲ್ಲಿ ಆರ್ಲೋನ ಬಲಗಣ್ಣಿನ ದೃಷ್ಟಿ ಹೋದಾಗ, ನಮ್ಮ ಗಾಲಿಮನೆ, ಆ ಟ್ರೈಲರ್, ಇನ್ನು ವೆಂಡೆಲ್‌ಗೇ ಅಂತ ಮಾತು ಕೊಟ್ಟುಬಿಟ್ಟ, ನಿನಗೆ ಗೊತ್ತಲ್ಲ. ಒಂದು ಕಣ್ಣಿನಲ್ಲಿ ರಸ್ತೆ ಹಿಡಿದು ಮುಂದಕ್ಕೆ ಹೋಗಲು ಅಡ್ಡಿಯಿಲ್ಲ ಅಂದಿದ್ದರು ಡಾಕ್ಟರು. ಆದರೆ ಪಿಕಪ್ಪಿನ ಹಿಂದೆ ಅಷ್ಟುದ್ದದ ಮನೆಯನ್ನು ಸಿಕ್ಕಿಸಿಕೊಂಡು, ಮರಗಳ ಸಂದಿಯಲ್ಲಿ ಹಿಂದಕ್ಕೆ ನುಗ್ಗಿಸಿ ನಿಲ್ಲಿಸುವುದಕ್ಕೆ ಎರಡು ಕಣ್ಣೂ ಬೇಕು. ಯಾವುದು ಹತ್ತಿರ ಯಾವುದು ದೂರ ಅಂತಲೇ ಅವನಿಗೆ ತಿಳಿಯುವುದಿಲ್ಲ. ಈ ಶರತ್ಕಾಲದಲ್ಲಿ ಕೊನೆಯದೊಂದು ಸುತ್ತು, ವಾಪಸ್ ಬರುತ್ತಾ ಟ್ರೈಲರನ್ನು ನಿಮ್ಮ ಅಂಗಳದಲ್ಲಿ ಕಳಚಿಟ್ಟು ಬರುವುದು ಅಂತ ತೀರ್ಮಾನವಾಯಿತು. ವೆಂಡೆಲ್ ಅದಕ್ಕೊಂದು ಶೆಡ್ ಕಟ್ಟಿಸಿದ. ನೀನು ಕಿಟಕಿ ಪರದೆಗೆ ಹಳದಿ ಬಟ್ಟೆ ತಂದೆ. ನಾನು ನಗುನಗುತ್ತಾ ಕಿಟಕಿಗಳ ಅಳತೆ ಹೇಳಿದೆ. ಆಗಿನ ನಿಜ ಈಗ ಹೇಳುತ್ತೇನೆ. ಟೇಪು ಹಿಡಿದುಕೊಂಡು ಒಳಗೇ ಕೂತು ಅತ್ತಿದ್ದೆ ಕಣೇ. ಮನೆಯಲ್ಲಿ ಆರ್ಲೋ ಟೀವಿ ಮುಂದೆ ಕೂರುವ ಮನುಷ್ಯ. ಟ್ರೈಲರಿನಲ್ಲಿ ಮಾತ್ರ ಅವನು ನನ್ನ ಜೊತೆ ಮಾತಾಡುತ್ತಾನೆ.

ಮನೆ ಬಿಟ್ಟ ದಿನ ಮಂಗಳವಾರ. ಚರ್ಚಿನ ಹೊಲಿಗೆ ಕೂಟಕ್ಕೆ ಚಕ್ಕರ್ ಹೊಡೆದೆ. ನಿನಗೆ ಹೇಳಿದ ಕೌದಿ ಆಗುತ್ತಿದೆ, ಅವಸರ ಮಾಡಬೇಡ.

ಆರ್ಲೋ ಈ ಸಲ ಎಲ್ಲ ಕಡೆ ನೇರ ಜಾಗವನ್ನೇ ಕಾದಿರಿಸಿದ್ದ. ಅಂದರೆ ಮುಂದಿನಿಂದ ನುಗ್ಗಿ, ಮುಂದಿನಿಂದಲೇ ಹೊರಡುವಂಥ ಜಾಗ. ಹಿಂದಕ್ಕೆ ತಿರುಗಿಸುವ ತಾಪತ್ರಯವೇ ಇಲ್ಲ. ಮರವೂ ಇಲ್ಲ, ನೀರೂ ಇಲ್ಲ. ಮೊದಲ ರಾತ್ರಿ ಹೆದ್ದಾರಿ ಪಕ್ಕದ ಜಲ್ಲಿ ಬಯಲಿನಲ್ಲಿ, ಪೆಟ್ರೋಲ್ ಬಂಕಿನ ದೀಪದ ಬೆಳಕಿನಲ್ಲಿ ಮಲಗಿದೆವು. "ಇದೇನು ಕ್ಯಾಂಪೋ, ಲಾರಿ ಸ್ಟ್ಯಾಂಡೋ?" ಅಂದೆ. "ಅನುಕೂಲ ನೋಡು, ಹಾಲು ಬೇಕಂದ್ರೆ ಎದುರಿಗೇ ಅಂಗಡಿ," ಅಂದ. ಇಪ್ಪತ್ತು ವರ್ಷ ಕಾಡಿನ ಮಧ್ಯ ಹಾಲಿಲ್ಲದ ಕಾಫಿ ಕುಡಿದ ಮನುಷ್ಯನಿಗೆ ಹಾಲಿನ ಚಿಂತೆ! ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವನ ಜೊತೆ ಏನು ವಾದ ಮಾಡುವುದು? ಒಂದೊಂದು ಲಾರಿ ಹೋದಾಗಲೂ ನಾಯಿ ಮೇಯರ್ ಎದ್ದು ಊಳಿಟ್ಟ. ನನ್ನ ಪರವಾಗಿ ಅವನೇ ಮಾತಾಡಿದ ಅಂದುಕೋ.

ನಮ್ಮ ನಾಯಿಗೆ ಮೇಯರ್ ಅಂತ ನೀನು ಹೆಸರಿಟ್ಟದ್ದು ಎಷ್ಟು ಸರಿ! ಎಲ್ಲಿ ಇಳಿದರೂ ಮನೆಮನೆಗೆ ಹೋಗಿ ಕುಶಲ ವಿಚಾರಿಸಿ, ಕೊಟ್ಟದ್ದನ್ನು ತಿಂದು ಬರುತ್ತಾನೆ. ಎರಡನೇ ದಿನ ಪ್ಯಾಸ್ಟಿ ಅಂಗಡಿಯ ಮುಂದೆ, ಕಿತ್ತಳೆ ಜಾಕೀಟಿನ ಬೇಟೆಗಾರನೊಬ್ಬ ಮಾಂಸ ತುಂಬಿದ ಬಿಸಿ ಪ್ಯಾಸ್ಟಿಯನ್ನು ಗಾಡಿಯ ಮೂತಿಯ ಮೇಲಿಟ್ಟು ಕೈಗವಸು ಕಳಚುತ್ತಿದ್ದ. ಕಣ್ಣು ಮಿಟುಕಿಸುವಷ್ಟರಲ್ಲಿ ಪ್ಯಾಸ್ಟಿ ಇಲ್ಲ! ಆರ್ಲೋ "ಮೇಯರ್! ಏಯ್ ಮೇಯರ್!" ಅಂತ ಕೂಗಿದ. ಆ ಮನುಷ್ಯ ಸೊಂಟದ ಮೇಲೆ ಕೈಯಿಟ್ಟು ನೋಡಿ, "ಮೇಯರಾ? ಅದಕ್ಕೇ ಸ್ವಾಮಿ, ನಾನು ಓಟೇ ಹಾಕಲ್ಲ," ಅಂದ. ನಾವು ನಕ್ಕು ನಕ್ಕು ಅವನಿಗೆ ಎರಡು ಪ್ಯಾಸ್ಟಿ ಕೊಡಿಸಿದೆವು. ಕಣ್ಣು ಹೋದ ಮೇಲೆ ಆರ್ಲೋ ಹಾಗೆ ನಕ್ಕದ್ದು ಅದೇ ಮೊದಲು.

ಅಲ್ಲಿಂದ ಮೇಲಕ್ಕೆ ಬರುತ್ತಾ ರಸ್ತೆಯ ಎರಡು ಬದಿಯೂ ಮೇಪಲ್ ಎಲೆ ಕೆಂಪಾಗಿ ಹೊತ್ತಿಕೊಂಡಿತ್ತು. ನಿನ್ನೆ ಮಧ್ಯಾಹ್ನ ಬರ್ಚ್ ಪಾಯಿಂಟಿಗೆ ಬಂದೆವು. ನಮ್ಮ ಹಳೇ ಜಾಗ ಹದಿನೇಳನೇ ನಂಬರು ನಿನಗೆ ನೆನಪಿರಬೇಕು. ಎರಡು ದೊಡ್ಡ ಬರ್ಚ್ ಮರ, ಅವುಗಳ ನಡುವೆ ಟ್ರೈಲರ್ ಹಿಡಿಯುವಷ್ಟೇ ಸಂದಿ, ಎಡಕ್ಕೆ ಒಂದು ಬಂಡೆ, ಹಿಂದೆ ಸರೋವರ. ಹಾಸಿಗೆಯಲ್ಲಿ ಮಲಗಿದರೆ ಕಿಟಕಿಯಲ್ಲಿ ಬರೀ ನೀರು. ಈ ಸಲ ಅದರ ಕಡೆ ತಿರುಗಿಯೂ ನೋಡಬಾರದು ಅಂತ ನಾನು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ.

ಕ್ಯಾಂಪು ನೋಡಿಕೊಳ್ಳುವ ಬರ್ನೀಸಳಿಗೆ ಆರ್ಲೋ ದೊಡ್ಡ ಗಂಟಲಿನಲ್ಲಿ, "ನೇರ ಜಾಗ ಕೊಡಮ್ಮ, ಹೇಳಿಟ್ಟಿದೀನಿ," ಅಂದ. ಬರ್ನೀಸ್ ನನ್ನ ಮುಖ ನೋಡದೆ, ಮೇಯರ್‌ನ ಕಿವಿ ತುರಿಸುತ್ತಾ ಹೇಳಿದಳು: "ನೇರ ಜಾಗ ಎಲ್ಲಾ ತುಂಬೋಗಿದೆಯಪ್ಪ. ಹದಿನೇಳು ಒಂದೇ ಉಳಿದಿರೋದು. ಬೇಕಂದ್ರೆ ತಗೋ, ಬೇಡಾಂದ್ರೆ ಹೆದ್ದಾರಿಗೆ ವಾಪಸ್ ಹೋಗು."

ನಿನ್ನ ಭಾವನವರು ಇಂಗು ತಿಂದ ಮಂಗನ ಹಾಗೆ ಮುಖ ಮಾಡಿದರು. ಆಮೇಲೆ "ನೋಡೇ ಬಿಡೋಣ" ಅಂದರು.

ಕ್ಯಾಂಪಿನವರ ಬುದ್ಧಿ ನಿನಗೆ ಗೊತ್ತಲ್ಲ. ಯಾರಾದರೂ ಟ್ರೈಲರ್ ಹಿಂದಕ್ಕೆ ಹಾಕಲು ಶುರು ಮಾಡಿದರೆ ಸಾಕು, ಎಲ್ಲರಿಗೂ ಬಿಸಿಲು ಕಾಯುವ ನೆನಪಾಗುತ್ತದೆ. ಎದುರಿನ ದಂಪತಿ ಕುರ್ಚಿ ತಂದು ಹಾಕಿಕೊಂಡರು. ಪಕ್ಕದವನು ಬಿಯರ್ ತೆರೆದ. ನಾನು ಮಾಮೂಲಿನಂತೆ ಹಿಂದೆ ನಿಂತು ಕೈ ಬೀಸಿದೆ. ಆರ್ಲೋ ಮೊದಲ ಸಲ ಹಿಂದಕ್ಕೆ ಬಿಟ್ಟ. ಟ್ರೈಲರ್ ಬಂಡೆಯ ಕಡೆ ಹೋಯಿತು. ಮುಂದಕ್ಕೆ ಎಳೆದು ಮತ್ತೆ ಬಿಟ್ಟ, ಬಲಗಡೆ ಮರದ ಕಡೆ ಹೋಯಿತು. "ಈ ಮರ ಬೆಳೆದುಬಿಟ್ಟಿದೆ ಕಣೇ, ಮೊದ್ಲು ಇಷ್ಟು ದಪ್ಪ ಇರ್ಲಿಲ್ಲ," ಅಂತ ಕಿಟಕಿಯಿಂದ ಕೂಗಿದ. ಕುಣಿಯಲಾರದವನು ನೆಲ ಡೊಂಕು ಅಂದನಂತೆ. ನಾನು ಆ ಗಾದೆ ಹೇಳಲಿಲ್ಲ, ನುಂಗಿಕೊಂಡೆ. ಮೂರನೇ ಸಲ ನಾನು "ನಿಲ್ಸೋ! ನಿಲ್ಸೋ!" ಅಂತ ಅರಚಿಕೊಳ್ಳದಿದ್ದರೆ ನಿಮ್ಮ ಹಳದಿ ಪರದೆ ಬರಬೇಕಿದ್ದ ಕಿಟಕಿ ಮರಕ್ಕೆ ಅಂಟಿಕೊಂಡಿರುತ್ತಿತ್ತು.

ಇಂಜಿನ್ ನಿಂತಿತು. ನಾನು ಬಾಗಿಲ ಹತ್ತಿರ ಹೋದೆ. ಎರಡು ಕೈಯನ್ನೂ ಮಂಡಿಯ ಮೇಲಿಟ್ಟುಕೊಂಡು ಕೂತಿದ್ದ. ಮೆತ್ತಗೆ ಹೇಳಿದ: "ಕಾಣ್ತಿಲ್ಲ ವರ್ನಾ. ಕನ್ನಡಿಯಲ್ಲಿ ಮರ ಎಲ್ಲಿದೆ ಅಂತಾನೇ ತಿಳೀತಿಲ್ಲ." ಲೊರೀನ್, ಕಣ್ಣು ಹೋದ ದಿನದಿಂದ ಒಂದು ಸಲವೂ ಅವನ ಬಾಯಲ್ಲಿ ಆ ಮಾತು ಬಂದಿರಲಿಲ್ಲ. ಬೆಳಕು ಕಮ್ಮಿ, ಕನ್ನಡಿ ಕೊಳಕು, ಔಷಧ ಸರಿಯಿಲ್ಲ, ಇನ್ನೆರಡು ತಿಂಗಳಿಗೆ ಸರಿಹೋಗುತ್ತೆ, ಬರೀ ಇವೇ. ಅಷ್ಟು ಜನರ ಎದುರು ಅವನ ತಲೆ ನೇವರಿಸಿಬಿಟ್ಟೆ.

ಅವನು ಕೆಳಗಿಳಿದ. "ನೀನು ಒಂದು ಕೈ ನೋಡ್ತೀಯಾ?" ಅಂದ.

ಮದುವೆಯಾದಾಗಿನಿಂದ ಆ ಸ್ಟೇರಿಂಗು ಅವನದು, ಕೈ ಬೀಸುವುದು ನನ್ನದು. ನಾನು ಹತ್ತಿ ಕೂತೆ. ಮೇಯರ್ ಪಕ್ಕದ ಸೀಟಿಗೆ ಹಾರಿ ಕೂತ, ಏನೋ ಉದ್ಘಾಟನೆಗೆ ಹೊರಟವನಂತೆ. ಆರ್ಲೋ ಹಿಂದೆ ನಿಂತು ಕೈ ಬೀಸತೊಡಗಿದ ನೋಡು! ಎಡ, ಬಲ, ಮೇಲೆ, ಕೆಳಗೆ. ಇಷ್ಟು ವರ್ಷ ನನ್ನ ಸನ್ನೆ ಅರ್ಥವಾಗುವುದಿಲ್ಲ ಅಂತ ಬಯ್ಯುತ್ತಿದ್ದವನ ಸನ್ನೆ ಭೂತ ಬಿಡಿಸುವವನ ಹಾಗಿತ್ತು. ನಾನು ಅವನನ್ನು ನೋಡುವುದೇ ಬಿಟ್ಟೆ. ಸ್ಟೇರಿಂಗಿನ ತಳ ಹಿಡಿದೆ, ಅಲ್ಲಿ ಕೈ ಎಡಕ್ಕೆ ಹೋದರೆ ಚಕ್ರ ಬಲಕ್ಕೆ ತಿರುಗುತ್ತದೆ. ಟ್ರೈಲರಿನ ಹಿಂಭಾಗ ಎತ್ತ ಹೋಗಬೇಕೋ ಕೈಯನ್ನು ಅತ್ತ ಸರಿಸುತ್ತಾ, ಉಸಿರು ಬಿಗಿಹಿಡಿದು, ನಿಧಾನವಾಗಿ ಬಿಟ್ಟೆ. ಒಂದು ಸಲ ಮುಂದಕ್ಕೆ ಎಳೆದು ಸರಿಮಾಡಿಕೊಂಡೆ. ಆಮೇಲೆ ಅದು ಸುಮ್ಮನೆ ಒಳಗೆ ಹೋಯಿತು. ಎರಡು ಮರಗಳ ನಡುವೆ, ಎರಡು ಪಕ್ಕಕ್ಕೂ ಒಂದೇ ಅಳತೆ.

ಎದುರಿನವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಬಿಯರಿನವನು ಶಿಳ್ಳೆ ಹಾಕಿದ. "ಅಮ್ಮಾ ತಾಯಿ, ನಾಳೆ ನಮ್ದೂ ಸ್ವಲ್ಪ ತೆಗೆದುಕೊಡ್ತೀರಾ? ನಮ್ಮೋನು ಮೊನ್ನೆಯಿಂದ ಓರೆಯಾಗೇ ನಿಲ್ಲಿಸಿದಾನೆ, ಪಾತ್ರೆ ಎಲ್ಲ ಜಾರ್ತಿದೆ," ಅಂದಳು ಅವನ ಹೆಂಡತಿ. ಆರ್ಲೋ ಸಮ ನೋಡುವ ರಸಮಟ್ಟ ತಂದು ಮೆಟ್ಟಿಲ ಮೇಲಿಟ್ಟು ನೋಡಿದ. ಗುಳ್ಳೆ ನಟ್ಟ ನಡುವೆ ನಿಂತಿತ್ತು. "ಇದು ಹೇಗೆ ಬಂತು ನಿನಗೆ?" ಅಂದ. "ಅದೃಷ್ಟ," ಅಂದೆ. "ಇದು ಎಡಕ್ಕೆ ಹೋಗ್ಲಿ ಅಂದ್ರೆ ಬಲಕ್ಕೆ ತಿರುಗಿಸ್ಬೇಕು, ಅಷ್ಟೇ ತಾನೇ? ನಿನ್ನ ಜೊತೆ ಇಷ್ಟು ವರ್ಷ ಸಂಸಾರ ಮಾಡಿದೋಳಿಗೆ ಇದೇನು ಹೊಸದಾ?"

ಆಗ ನಕ್ಕನಲ್ಲ, ಅದನ್ನು ನೀನು ಕೇಳಬೇಕಿತ್ತು. ಹೊಟ್ಟೆ ಹಿಡಿದುಕೊಂಡು ಬಂಡೆಯ ಮೇಲೆ ಕೂತು ನಕ್ಕ. ಒಳ್ಳೆಯ ಕಣ್ಣಿನಲ್ಲೂ ನೀರು, ಇನ್ನೊಂದರಲ್ಲೂ ನೀರು.

ಸಂಜೆ ಬೆಂಕಿ ಹಾಕಿ ಕಾಳು, ಮಾಂಸದ ಚಿಲ್ಲಿ ಬೇಯಿಸಿಕೊಂಡು ತಿಂದೆವು. ಮೇಯರ್ ಮನೆಮನೆ ಸುತ್ತಿ ಹೊಟ್ಟೆ ಬಿರಿಯುವಂತೆ ತಿಂದು ಬಂದು ನಮ್ಮ ಕಾಲ ಮೇಲೆ ಬಿದ್ದುಕೊಂಡ. ಆರ್ಲೋ ಬರುವ ವಸಂತದಲ್ಲಿ ಎಲ್ಲಿಗೆ ಹೋಗೋಣ ಅನ್ನುವ ಮಾತೆತ್ತಿದ. ಅರ್ಧದಲ್ಲೇ ನಿಲ್ಲಿಸಿ, "ವೆಂಡೆಲ್‌ಗೆ ಏನು ಹೇಳೋದು?" ಅಂದ. "ಅವನ ಹೆಂಡತಿಗೆ ನಾನು ಬರೀತೀನಿ ಬಿಡು," ಅಂದೆ.

ಈಗ ಮೀನು ಯಾಕೆ ಕಳಿಸಿದೆ ಅಂತ ಗೊತ್ತಾಯಿತಲ್ಲ. ಟ್ರೈಲರ್ ಕೊಡುವುದಿಲ್ಲ ಕಣೇ. ನಿನಗೆ ಕೋಪ ಬರುತ್ತದೆ, ಬರಲಿ. ಚಿಕ್ಕವಳಿದ್ದಾಗ ನನ್ನ ಸೈಕಲ್ ನೀನು ಕಿತ್ತುಕೊಂಡಾಗ ನಾನು ಒಂದು ವಾರ ಮಾತು ಬಿಟ್ಟಿದ್ದೆ, ನೀನೂ ಒಂದು ವಾರ ಬಿಡು. ಆಮೇಲೆ ವೆಂಡೆಲ್‌ನನ್ನು ಕರೆದುಕೊಂಡು ಬಾ. ಊಟದ ಮೇಜು ಮಡಚಿದರೆ ಇಬ್ಬರು ಮಲಗುವ ಹಾಸಿಗೆ ಆಗುತ್ತದೆ. ಬರುವ ಶರತ್ಕಾಲಕ್ಕೆ ನಾಲ್ಕು ಜನ, ಒಬ್ಬ ಮೇಯರ್, ಹದಿನೇಳನೇ ನಂಬರು. ಹಳದಿ ಬಟ್ಟೆ ಕತ್ತರಿಸಿ ಆಗಿದ್ದರೆ ಪರದೆ ಹೊಲಿದೇ ತಾ. ಅಳತೆ ನಿನ್ನ ಹತ್ತಿರ ಇದ್ದೇ ಇದೆ.

ನಿನ್ನ ಮುಖ ನೋಡಲು ಸ್ವಲ್ಪ ಅಂಜುತ್ತಾ, ಆದರೂ ಬಹಳ ಖುಷಿಯಲ್ಲಿರುವ
ನಿನ್ನ ಅಕ್ಕ,
ವರ್ನಾ

ತಾ.ಕ.: ಇನ್ನೊಂದು ಮಾತು, ಇದು ನಿನ್ನ ಹೊಟ್ಟೆಯಲ್ಲೇ ಇರಲಿ. ಆ ಕೌದಿ ಇಲ್ಲ. ಒಂದು ಹೊಲಿಗೆಯನ್ನೂ ಹಾಕಿಲ್ಲ. ಜೂನ್‌ನಿಂದ ಪ್ರತಿ ಮಂಗಳವಾರ ಕೂಟದ ಗೆಳತಿ ಇಂಗ್ರಿಡ್ ತನ್ನ ಕುದುರೆ ಸಾಗಿಸುವ ಟ್ರೈಲರನ್ನು ಚರ್ಚಿನ ಬಯಲಿಗೆ ತರುತ್ತಿದ್ದಳು. ನಾನು ಹಿಂದಕ್ಕೆ ಬಿಡುವುದನ್ನು ಕಲಿಯುತ್ತಿದ್ದೆ, ಹೊಲಿಗೆ ಕೂಟದವರು ಕಾಫಿ ಹಿಡಿದು ಕಿಟಕಿಯಿಂದ ನೋಡಿ ನಗುತ್ತಿದ್ದರು. ಎರಡು ಸಲ ಚರ್ಚಿನ ಟಪಾಲು ಡಬ್ಬಿಯ ಕಂಬ ಉರುಳಿಸಿದೆ. ಮುಂದಿನ ಮಂಗಳವಾರ ಹೋದರೆ ಯಾರೋ ಪುಣ್ಯಾತ್ಮರು ಅದನ್ನು ನೆಟ್ಟಗೆ ನಿಲ್ಲಿಸಿರುತ್ತಿದ್ದರು, ಪಾದ್ರಿಗಳೇ ಇರಬೇಕು. ಆರ್ಲೋಗೆ ಇದು ಗೊತ್ತಾಗಕೂಡದು. ಕಣ್ಣು ಸರಿಹೋಗುತ್ತೆ ಅಂತ ಅವನು ಆಸೆ ಇಟ್ಟುಕೊಂಡಿದ್ದಾಗಲೇ ನಾನು ಕೈಬಿಟ್ಟುಬಿಟ್ಟಿದ್ದೆ ಅಂತ ಅವನಿಗೆ ಅನ್ನಿಸಬಾರದು.

ಲೊರೀನ್, ಇದು ಆರ್ಲೋ. ವರ್ನಾ ಬರ್ನೀಸ್ ಹತ್ತಿರ ಅಂಚೆಚೀಟಿ ಕೇಳಲು ಹೋಗಿದ್ದಾಳೆ, ಲಕೋಟೆ ಅಂಟಿಸು ಅಂತ ನನಗೆ ಹೇಳಿ ಹೋದಳು. ಬೇರೆಯವರ ಪತ್ರ ಓದಬಾರದು, ಓದಿದೆ. ಬರ್ಚ್ ಪಾಯಿಂಟಿನಲ್ಲಿ ನಾನು ನೇರ ಜಾಗ ಕಾದಿರಿಸಿರಲೇ ಇಲ್ಲ. ಆಗಸ್ಟಿನಲ್ಲೇ ಬರ್ನೀಸಳಿಗೆ ಫೋನ್ ಮಾಡಿ ಹದಿನೇಳನ್ನೇ ಕೇಳಿ ಇಟ್ಟಿದ್ದೆ. ನೀನು ಓಡಿಸು ಅಂತ ಹೆಂಡತಿಗೆ ಹೇಳಲು ನನಗೆ ಬಾಯಿ ಬರಲಿಲ್ಲ, ಅದಕ್ಕೆ ಇಷ್ಟು ದೂರ ಬರಬೇಕಾಯಿತು. ಆದರೆ ಮೂರು ಸಲ ಪ್ರಯತ್ನಪಟ್ಟದ್ದು ನಾಟಕವಲ್ಲ, ಆಗಿಯೇ ಬಿಡಬಹುದು ಅಂದುಕೊಂಡಿದ್ದೆ. ವೆಂಡೆಲ್‌ಗೆ ನನ್ನ ಕ್ಷಮೆ ತಿಳಿಸು. ವರ್ನಾಗೆ ಮಾತ್ರ ಏನೂ ಹೇಳಬೇಡ. ಆ ಕಂಬವನ್ನು ಎರಡು ಸಲವೂ ನೆಟ್ಟದ್ದು ಪಾದ್ರಿಗಳಲ್ಲ.