ಹಳ್ಳದಾಚೆಯ ವಿಳಾಸ

ಮಾರ್ಚ್ 4, ಸಂಜೆ

ಇವತ್ತು ಸೋಫಾ ಶೋರೂಮ್. ಮೊದಲು ನಾನು, ಆಮೇಲೆ ಜೋಡಿ ಹುಡುಗಿ. ಸಂಬಳ ಕೊಟ್ಟು ನಮ್ಮನ್ನು ಸುಳ್ಳು ಇಂಟರ್‌ವ್ಯೂಗಳಿಗೆ ಕಳಿಸುವ ಯೂನಿವರ್ಸಿಟಿ ಪ್ರೊಫೆಸರ್ ಪರೀಕ್ಷೆಯೇ ಹಾಗೆ: ಇಬ್ಬರಿಗೂ ಒಂದೇ ಡಿಗ್ರಿ, ಒಂದೇ ಮಾರ್ಕ್ಸ್, ಒಂದೇ ಥರ ಇಸ್ತ್ರಿ ಬಟ್ಟೆ. ಹೆಸರು, ವಿಳಾಸ ಮಾತ್ರ ಬೇರೆ. ಕೆಲಸಕ್ಕೆ ಯಾರನ್ನು ಕರೆಯುತ್ತಾರೆ ನೋಡಬೇಕು. ಅವಳದು ಗುಡ್ಡದ ಬಡಾವಣೆ. ನನ್ನದು ಹಳ್ಳದಾಚೆ, ಅಂದರೆ ತಾತನ ಕಾಲದಲ್ಲಿ ಬಂದು ಇನ್ನೂ ‘ಹೊರಗಿನವರು’ ಅನ್ನಿಸಿಕೊಳ್ಳುವವರ ಜಾಗ. ನನ್ನದು ನಾಟಕವಲ್ಲ, ಇರುವುದೇ ಅಲ್ಲಿ.

ಮ್ಯಾನೇಜರ್ ನಗುನಗುತ್ತಾ ಮಾತಾಡಿದ. ಮನೆ ಎಲ್ಲಿ ಅಂತ ಕೇಳಿದ. ಹೇಳಿದೆ. ಪೆನ್ನಿಗೆ ಕ್ಯಾಪ್ ಹಾಕಿದ, ತಿಳಿಸುತ್ತೇವೆ ಅಂದ. ಅವಳಿಗೆ ಕಾಫಿ ಕೊಟ್ಟನಂತೆ.

ಪ್ರೊಫೆಸರಿಗೆ ಹೇಳಿದರೆ ಮುಖ ಅರಳಿತು. "ಬ್ಯೂಟಿಫುಲ್" ಅಂದರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಮಾರ್ಚ್ 11

ಅಮ್ಮ ಲಾಂಡ್ರಿಯಿಂದ ಬಂದು ಮಣಿಕಟ್ಟಿಗೆ ಎಣ್ಣೆ ತಿಕ್ಕುತ್ತಿದ್ದಳು. ದಿನಾ ಇಂಟರ್‌ವ್ಯೂಗೆ ಹೋಗುತ್ತೀಯ, ಒಂದಾದರೂ ಸಿಗಬಾರದಾ ಅಂತ ಕೇಳಿದಳು. ಸಿಗದಿರುವುದೇ ನನ್ನ ಕೆಲಸ ಅಂತ ಹೇಗೆ ಹೇಳಲಿ... ಪರೀಕ್ಷೆ ಮುಗಿದರೆ ಅದೂ ಇಲ್ಲ.

ಮಾರ್ಚ್ 19, ಮಧ್ಯಾಹ್ನ

ಹಲ್ಲಿನ ಕ್ಲಿನಿಕ್ಕಿಂದ ಫೋನ್. ರಿಸೆಪ್ಷನ್ ಕೆಲಸ ನನಗೇ! ಪ್ರೊಫೆಸರ್ ಮುಖ ಸಪ್ಪಗಾಯಿತು. ಒಪ್ಪಿಕೊಳ್ಳುವ ಹಾಗಿಲ್ಲ, ನಿಯಮ.

"ಇಲ್ಲೇ ನಮ್ಮ ವಿಭಾಗದಲ್ಲಿ ಪರ್ಮನೆಂಟ್ ಪೋಸ್ಟ್ ಬರುತ್ತೆ. ನಿನಗಿಂತ ಚೆನ್ನಾಗಿ ಇದೆಲ್ಲ ಯಾರಿಗೆ ಗೊತ್ತು ಹೇಳು?"

ಡಾಕ್ಟರಮ್ಮನಿಗೆ ಬೇಡ ಅಂದೆ. ಅಮ್ಮನಿಗೆ ಹೇಳಿಲ್ಲ.

ಏಪ್ರಿಲ್ 27

ಪೋಸ್ಟ್ ಜೋಡಿ ಹುಡುಗಿಗೆ.

ನನ್ನನ್ನು ಕೂರಿಸಿ ಪಾಠ ಮಾಡಿದರು ಪ್ರೊಫೆಸರ್. ವರ್ಗ, ಜನಾಂಗ, ಸಂಪರ್ಕ, ಸಾಂಸ್ಕೃತಿಕ ಬಂಡವಾಳ. ಕಮಿಟಿಗೆ ನಾನು ‘ಫಿಟ್’ ಅನ್ನಿಸಲಿಲ್ಲವಂತೆ. "ನಿನ್ನ ತಪ್ಪಲ್ಲಮ್ಮ. ವ್ಯವಸ್ಥೆನೇ ಹಾಗಿದೆ" ಅಂದರು. ಕಮಿಟಿಗೆ ಅಧ್ಯಕ್ಷರು ಯಾರು ಸರ್ ಅಂತ ಕೇಳಿದೆ. ಕನ್ನಡಕ ತೆಗೆದು ಒರೆಸಿಕೊಂಡರು. ಥೂ! ಶೋರೂಮಿನವನೇ ವಾಸಿ, ಅವನು ಇದರ ಮೇಲೆ ಪುಸ್ತಕ ಬರೆಯುವುದಿಲ್ಲ.

ಜೋಡಿ ಹುಡುಗಿ ವರಾಂಡದಲ್ಲಿ ಅತ್ತಳು. ಬಿಟ್ಟುಬಿಡಲಾ ಅಂತ ಕೇಳಿದಳು. ಬಿಡು ಅಂದೆ. ಬಿಡಲಿಲ್ಲ.

ಕ್ಲಿನಿಕ್ಕಿಗೆ ಫೋನ್ ಮಾಡಿದೆ. ಬೇರೆಯವರು ಸೇರಿಯಾಯಿತಂತೆ.

ಮೇ 9

ಔಷಧಿ ಗೋದಾಮಿನ ಆಫೀಸು. ಈ ಸಲ ನಾಟಕವಿಲ್ಲ, ನಿಜವಾಗಿ ಕೆಲಸ ಕೇಳಲು ಹೋದದ್ದು. ಮನೆ ಎಲ್ಲಿ ಅಂತ ಕೇಳಿದರು. ಬಾಯಿಗೆ ಬಂದದ್ದು ಜೋಡಿ ಹುಡುಗಿಯ ವಿಳಾಸ — ಗುಡ್ಡದ ಬಡಾವಣೆ, ಎರಡನೇ ಅಡ್ಡರಸ್ತೆ. ಕೇಳಿ ಕೇಳಿ ಬಾಯಿಪಾಠವಾಗಿತ್ತು. ಹೆಸರಿನ ಬಾಲವನ್ನೂ ನುಂಗಿದೆ.

ಕಾಫಿ ಬಂತು.

ಕುಡಿದೆ. ಸೋಮವಾರದಿಂದ ಬನ್ನಿ ಅಂದರು. ಅವರ ಮೇಲೆ ಅಸಹ್ಯ, ನನ್ನ ಮೇಲೆ ಅದಕ್ಕಿಂತ ಹೆಚ್ಚು.

ಅದೇ ದಿನ, ರಾತ್ರಿ

ಅಮ್ಮ ಬೀದಿಗೆಲ್ಲ ಸಾರಿ ಬಂದಳು. ಸೋಮವಾರಕ್ಕೆ ರಜೆ ಕೇಳಿದ್ದಾಳೆ. ಒಳ್ಳೆಯ ಸೀರೆ ತೆಗೆದು ತಾನೇ ಇಸ್ತ್ರಿ ಮಾಡಿಟ್ಟಿದ್ದಾಳೆ.

"ಮೊದಲ ದಿನ ನಾನೇ ಬಂದು ಬಿಟ್ಟು ಹೋಗ್ತೀನಿ. ನಿನ್ನ ಆಫೀಸು ನೋಡಿದ ಹಾಗೂ ಆಗುತ್ತೆ."

ಬೇಡಮ್ಮ ಅಂದೆ. ಯಾಕೆ ಅಂದಳು. ಇನ್ನೂ ಬಾಗಿಲಲ್ಲೇ ನಿಂತಿದ್ದಾಳೆ. ಯಾಕೆ ಅಂದರೆ ಅಮ್ಮಾ, ನೀನು ಬಂದರೆ ನಾನು ಹೇಳಿದ ವಿಳಾಸ...