ನಾಲ್ಕು ಮೆಟ್ಟಿಲು ಮುಗಿದಿವೆ

೧೧ ಫೆಬ್ರುವರಿ ೨೦೨೫, ಮಂಗಳವಾರ, ಆಳಂದ

ನಾನು ಆರು ವಾರದ ಬಸುರಿ. ಮಧ್ಯಾಹ್ನ ಡಾಕ್ಟರು ಹೇಳಿದರು. ನನ್ನ ತೂಕ ಮೂವತ್ತೊಂಬತ್ತು ಕಿಲೋ ಎಂದೂ ಹೇಳಿದರು, ಅದನ್ನು ಹೇಳುವಾಗ ಅವರು ನಗಲಿಲ್ಲ. ಮೂರು ವರ್ಷ ಕಾದ ಮಗು ಇದು.

ವಾಂತಿಯೆಂದರೆ ನನಗಿರುವ ಹೆದರಿಕೆಗೆ ಕಲಬುರಗಿಯಲ್ಲಿ ಚಿಕಿತ್ಸೆ ನಡೆಯುತ್ತಿದೆ. ಹೆದರಿದ್ದನ್ನೇ ಸ್ವಲ್ಪ ಸ್ವಲ್ಪವಾಗಿ ಎದುರಿಸುವ ಒಟ್ಟು ಹತ್ತು ಮೆಟ್ಟಿಲು, ನಾಲ್ಕು ಮುಗಿದಿವೆ. ‘ವಾಂತಿ’ ಎಂಬ ಪದ ಬರೆದೆ, ಗಟ್ಟಿಯಾಗಿ ಓದಿದೆ, ಚಿತ್ರ ನೋಡಿದೆ, ಶಬ್ದವಿಲ್ಲದ ವಿಡಿಯೊ ನೋಡಿದೆ. ಹತ್ತೊಂಬತ್ತು ವರ್ಷದಿಂದ ನನಗೆ ವಾಂತಿಯಾಗಿಲ್ಲ. ಆಗಬಾರದೆಂದೇ ಅರ್ಧ ಹೊಟ್ಟೆ ಉಣ್ಣುತ್ತೇನೆ.

ಅತ್ತೆ ಭಾಗಮ್ಮ ಓಣಿಗೆಲ್ಲ ಸಕ್ಕರೆ ಹಂಚಿ ಬಂದರು.

"ನಿಂದಿನ್ನೂ ಸುರು ಆಗಿಲ್ಲೇನ ಬೇ? ನಿನ್ನ ಗಂಡನ ಟೈಮಿನ್ಯಾಗ ನಾ ದಿನಾ ಹತ್ತು ಸಲ ಕಾರೀನಿ. ನಾಕು ದಿನ ತಡಿ, ಬಚ್ಚಲಾನೇ ನಿನ್ನ ಮನಿ ಆಗ್ತದ!"

ಅವರ ಹಿಂದೆ ಬಂದ ಓಣಿಯ ಹೆಂಗಸರೆಲ್ಲ ನಕ್ಕರು. ಒಬ್ಬೊಬ್ಬರೂ ತಮ್ಮ ಬಸುರಿನ ವಾಂತಿಯ ಕತೆ ಹೇಳಿದರು. ಇವರಿಗೆ ಅದು ಶುಭದ ಗುರುತು. ನಾನೂ ನಕ್ಕೆ, ಆಮೇಲೆ ರೊಟ್ಟಿ ಮುಟ್ಟಲಿಲ್ಲ. ಉಂಡರೆ ಅದು ಬರುತ್ತದೆ, ಉಣ್ಣದಿದ್ದರೆ ಮಗುವಿಗೆ ಏನೂ ಇಲ್ಲ. ಸಂಜೆಯಿಂದ ವಾಕರಿಕೆಗೆ ಬಾಯಲ್ಲಿ ನೀರು ಒಡೆಯುತ್ತಿದೆ.

ಚಿಕಿತ್ಸೆ ಕೊಡುವ ಮೃಣಾಲಿನಿ ಮೇಡಂಗೆ ಫೋನ್ ಮಾಡಿದೆ. "ಮೆಟ್ಟಿಲ ಬಿಡೂದು ಬ್ಯಾಡ್ರಿ. ಆದ್ರ ವಾಂತಿ ಸುರು ಆಗಾಕ ಟೈಮ್ ಭಾಳ ಇಲ್ರಿ," ಅಂದರು.

ಗುರುವಾರ ಹನ್ನೊಂದು ಗಂಟೆಗೆ ಐದನೆಯ ಮೆಟ್ಟಿಲು: ವಾಂತಿಯ ಶಬ್ದ ಕೇಳುವುದು, ಎರಡು ನಿಮಿಷ. ಊಟ ಮಾಡಿ ಹೋಗಬೇಕು.